ಉಪ್ಪು ತಿಂದವರಾರು, ನೀರು ಕುಡಿದವರಾರು?

ಕಳೆದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ಸಂಘದ ಹಿರಿಯ ಸದಸ್ಯೆಯೊಬ್ಬರು, ಬಿಸಿಬೇಳೆ ಭಾತಿಗೆ ತುಪ್ಪ ಬೀಳುವ ಮೊದಲೇ ತಮ್ಮ ಮನಸ್ಸಿನ ಕೊರಗನ್ನು ತೋಡಿಕೊಂಡರು. ಅವರ ಮೊಮ್ಮಗಳು ನೌಕಾಪಡೆಗೆ ಸೇರಿ ವಿಮಾನ ಹಾರಿಸುತ್ತೇನೆಂದು ಹಟ ಹಿಡಿದಿದ್ದಾಳೆ. "ಅಣ್ಣಾ, ನೀವು ಸರ್ಕಾರಿ ಕಚೇರಿಯಲ್ಲಿ ಇರೋರು, ನಾಲ್ಕು ಓದಿದೋರು. ಹೆಣ್ಣುಮಗು, ಅಲ್ಲೆಲ್ಲ ಗಂಡಸರ ಮಧ್ಯೆ ಹೇಗೋ ಏನೋ. ನೀವೇನಂತೀರಿ?" ಎಂದು ಕೇಳಿದರು. ನಾವು "ಈಗ ಕಾಲ ಬದಲಾಗಿದೆ ಬಿಡಿ" ಎಂದು ತೇಲಿಸಿ ಉತ್ತರ ಕೊಟ್ಟು ಹಪ್ಪಳಕ್ಕೆ ಕೈ ಹಾಕಿದೆವು. ಮನೆಗೆ ಬಂದ ಮೇಲೆ ಆ ಉತ್ತರ ನಮಗೇ ಸರಿಕಾಣಲಿಲ್ಲ. ಕಾಲ ತಾನಾಗಿ ಬದಲಾಗುವುದಿಲ್ಲ. ಯಾರೋ ಅದಕ್ಕೆ ಬೆಲೆ ತೆತ್ತಿರುತ್ತಾರೆ. ಅಮೆರಿಕದ ನೌಕಾಪಡೆಯಲ್ಲಿ ಆ ಬೆಲೆಯನ್ನು ಯಾರು ಯಾರು ತೆತ್ತರು, ತೆರಬೇಕಾದವರೇ ತೆತ್ತರೇ ಎಂಬ ಕಥೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಒಂದಿಷ್ಟು ವಿಜ್ಞಾನ. ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಬರುವ ವಿಮಾನವನ್ನು ವಿಮಾನವಾಹಕ ಹಡಗಿನ ಮೇಲೆ ಸುಮಾರು 100 ಮೀಟರಿನೊಳಗೆ ನಿಲ್ಲಿಸಬೇಕು. ಬಿ.ಎಸ್ಸಿ. ತರಗತಿಯ ಲೆಕ್ಕ ಮಾಡಿ ನೋಡಿದರೆ ಮೂರು ಸೆಕೆಂಡಿನ ಆಟ. ಗುರುತ್ವದ ಎರಡು ಪಟ್ಟಿಗೂ ಮಿಕ್ಕ ಸೆಳೆತ. ಬ್ರೇಕಿನಿಂದ ಇದು ಆಗದ ಕೆಲಸ. ವಿಮಾನದ ಬಾಲದ ಕೆಳಗಿನ ಉಕ್ಕಿನ ಕೊಕ್ಕೆ ಡೆಕ್ಕಿನ ಮೇಲೆ ಅಡ್ಡವಾಗಿ ಬಿಗಿದ ತಂತಿಹಗ್ಗವನ್ನು ಹಿಡಿಯಬೇಕು. ಹಿಡಿಯದೆ ಹೋದರೆ ಮತ್ತೆ ಹಾರಬೇಕಾದ್ದರಿಂದ, ಚಕ್ರ ಡೆಕ್ಕಿಗೆ ತಾಗಿದ ಕ್ಷಣವೇ ಪೈಲಟ್ ಎಂಜಿನ್ನನ್ನು ಪೂರ್ತಿ ಏರಿಸುತ್ತಾನೆ. ನಮ್ಮ ಕಾರವಾರದ ನೌಕಾನೆಲೆಯನ್ನು ತವರು ಮಾಡಿಕೊಂಡ 'ವಿಕ್ರಮಾದಿತ್ಯ'ದ ಮೇಲೂ ವಿಮಾನ ಇಳಿಯುವ ಬಗೆ ಇದೇ. ಕತ್ತಲೆಯಲ್ಲಿ, ಹೊಯ್ದಾಡುವ ಹಡಗಿನ ಮೇಲೆ ಇದನ್ನು ಮಾಡುವವರಿಗೆ ತಮ್ಮ ಬಗ್ಗೆ ಹೆಮ್ಮೆಯಿದ್ದರೆ ತಪ್ಪಲ್ಲ. ಆದರೆ ಹೆಮ್ಮೆಗೂ ಮದಕ್ಕೂ ನಡುವೆ ಇರುವುದು ಒಂದೇ ಮೆಟ್ಟಿಲು.

ಈ ಕೊಕ್ಕೆಯ ಹೆಸರಿನಲ್ಲೇ 'ಟೇಲ್‌ಹುಕ್ ಅಸೋಸಿಯೇಷನ್' ಎಂಬ ಸಂಘ 1956ರಲ್ಲಿ ಹುಟ್ಟಿತು. ಇದು ಸರ್ಕಾರಿ ಸಂಸ್ಥೆಯಲ್ಲ, ನೌಕಾಪಡೆಯ ವಿಮಾನ ಚಾಲಕರ ಖಾಸಗಿ ಕೂಟ. 1963ರಿಂದ ಇದರ ವಾರ್ಷಿಕ ಸಮ್ಮೇಳನ ಲಾಸ್ ವೇಗಸ್ ನಗರದಲ್ಲಿ ನಡೆಯುತ್ತಿತ್ತು. ಹಗಲು ಹೊತ್ತು ಭಾಷಣ, ತಾಂತ್ರಿಕ ಚರ್ಚೆ. ರಾತ್ರಿ ಹೊತ್ತು ಸ್ಕ್ವಾಡ್ರನ್‌ಗಳು ಬಾಡಿಗೆಗೆ ಹಿಡಿದ ಕೋಣೆಗಳಲ್ಲಿ ಮದ್ಯದ ಹೊಳೆ. ಪಾಲ್ಗೊಳ್ಳುವವರನ್ನು ಕರೆತರಲು ನೌಕಾಪಡೆಯ ವಿಮಾನಗಳೇ ಹಾರುತ್ತಿದ್ದುವು. ಹೀಗೆ ಖಾಸಗಿ ಕೂಟವು ಅರೆ ಸರ್ಕಾರಿ ಉತ್ಸವವೇ ಆಗಿತ್ತು.

1991ರ ಸೆಪ್ಟೆಂಬರ್ ಮೊದಲ ವಾರದ ಸಮ್ಮೇಳನ ಮೂವತ್ತೈದನೆಯದು. ಕೊಲ್ಲಿ ಯುದ್ಧದಲ್ಲಿ ಗೆದ್ದು ಬಂದ ಹುರುಪು. ಸುಮಾರು 4,000 ಮಂದಿ ಸೇರಿದ್ದರು. ನೌಕಾಪಡೆಯ ಮಂತ್ರಿಸ್ಥಾನದಲ್ಲಿದ್ದ ಲಾರೆನ್ಸ್ ಗ್ಯಾರೆಟ್, ಪಡೆಯ ಮುಖ್ಯಸ್ಥ ಅಡ್ಮಿರಲ್ ಫ್ರ್ಯಾಂಕ್ ಕೆಲ್ಸೋ ಇಬ್ಬರೂ ಬಂದಿದ್ದರು. ಹಿರಿಯ ಅಡ್ಮಿರಲ್ಲುಗಳ ಜೊತೆಗಿನ ಪ್ರಶ್ನೋತ್ತರದಲ್ಲಿ ಒಬ್ಬ ಮಹಿಳಾ ಅಧಿಕಾರಿ ಎದ್ದು ನಿಂತು, ಹೆಂಗಸರಿಗೆ ಯುದ್ಧವಿಮಾನ ಹಾರಿಸುವ ಅವಕಾಶ ಯಾವಾಗ ಎಂದು ಕೇಳಿದಳು. ಸಭೆ ಗೇಲಿಯ ನಗೆಯಿಂದ ತುಂಬಿತು. ವೇದಿಕೆಯ ಮೇಲಿದ್ದ ಹಿರಿಯರು ಆ ನಗೆಯನ್ನು ತಡೆಯಲಿಲ್ಲ. ರಾತ್ರಿ ನಡೆದುದರ ಬೀಜ ಹಗಲಿನ ಆ ನಗೆಯಲ್ಲಿಯೇ ಇತ್ತು ಎಂದು ನಮಗೆ ತೋರುತ್ತದೆ.

ಹೋಟೆಲಿನ ಮೂರನೆಯ ಮಹಡಿಯ ಓಣಿಯಲ್ಲಿ ಎರಡೂ ಕಡೆ ಸಾಲುಗಟ್ಟಿ ನಿಂತ ಅಧಿಕಾರಿಗಳು ಹಾದುಹೋಗುವ ಹೆಂಗಸರ ಮೈಮೇಲೆ ಕೈಮಾಡಿದರು. ವಿವರಗಳನ್ನು ಇಲ್ಲಿ ಬರೆಯುವುದು ಬೇಡ. ಅಲ್ಲಿ ಸಿಕ್ಕಿಬಿದ್ದವರಲ್ಲಿ ಅದೇ ನೌಕಾಪಡೆಯ ಹೆಲಿಕಾಪ್ಟರ್ ಪೈಲಟ್ ಲೆಫ್ಟಿನೆಂಟ್ ಪಾಲಾ ಕಾಫ್ಲಿನ್ ಒಬ್ಬಳು. ತನ್ನದೇ ಸೇವೆಯವರು, ತನ್ನಂತೆಯೇ ರೆಕ್ಕೆಯ ಬಿಲ್ಲೆ ಧರಿಸುವವರು! ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಮರುದಿನ ಆಕೆ ತಾನು ಸಹಾಯಕಿಯಾಗಿದ್ದ ಅಡ್ಮಿರಲ್ಲಿಗೆ ಹೇಳಿಕೊಂಡಳು. ಆತ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲವೆಂಬ ಕಾರಣಕ್ಕೆ ಮುಂದೆ ನವೆಂಬರಿನಲ್ಲಿ ಅವನನ್ನು ಹುದ್ದೆಯಿಂದ ತೆಗೆದರು.

ಅಕ್ಟೋಬರಿನಲ್ಲಿ ಸಂಘದ ಅಧ್ಯಕ್ಷರು ಸ್ಕ್ವಾಡ್ರನ್‌ಗಳಿಗೆ ಪತ್ರ ಬರೆದರು. ಸಮ್ಮೇಳನ ಭಾರಿ ಯಶಸ್ವಿಯಾಯಿತೆಂದೂ, ಓಣಿಯಲ್ಲಿ ಹೆಂಗಸರಿಗೆ ಕಿರುಕುಳವಾದ ದೂರುಗಳು ಬಂದಿವೆಯೆಂದೂ ಒಂದೇ ಪತ್ರದಲ್ಲಿ ತಿಳಿಸಿದರು! ಪತ್ರದ ಸುದ್ದಿ ಪತ್ರಿಕೆಗೆ ಮುಟ್ಟಿ, ತಿಂಗಳ ಕೊನೆಯಲ್ಲಿ ನೌಕಾಪಡೆ ಸಂಘದೊಡನೆ ಸಂಬಂಧ ಕಡಿದುಕೊಂಡಿತು.

ಇನ್ನು ವಿಚಾರಣೆಯ ಸೊಗಸನ್ನು ಕೇಳಿ. ನೌಕಾಪಡೆಯೇ ತನ್ನ ತನಿಖೆ ತಾನು ನಡೆಸಿತು. ನೂರಾರು ಅಧಿಕಾರಿಗಳನ್ನು ಕೇಳಿದರೂ "ನಾನು ಕಾಣೆ, ನಾನು ಅಲ್ಲಿರಲಿಲ್ಲ" ಎಂಬುದೇ ಉತ್ತರ. 1992ರ ಏಪ್ರಿಲ್ ಹೊತ್ತಿಗೆ ಬೆರಳೆಣಿಕೆಯ ಶಂಕಿತರ ಹೆಸರಷ್ಟೇ ಹೊರಬಂದುವು. ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿ ಬಾರ್ಬರಾ ಪೋಪ್ ಇದನ್ನು ಒಪ್ಪದೆ ರಾಜೀನಾಮೆಗೂ ಸಿದ್ಧರಾದರು. ಮಂತ್ರಿ ಗ್ಯಾರೆಟ್ ಆ ಕೋಣೆಗಳ ಸಮೀಪ ಇದ್ದರೆಂಬ ಹೇಳಿಕೆ ವರದಿಯಿಂದ ಬಿಟ್ಟುಹೋದದ್ದು ಜೂನಿನಲ್ಲಿ ಬಯಲಾಯಿತು. ಅದೇ ತಿಂಗಳು ಕಾಫ್ಲಿನ್ ತನ್ನ ಹೆಸರು ಮುಖಗಳನ್ನು ಮುಚ್ಚಿಡದೆ ಪತ್ರಿಕೆಯಲ್ಲೂ ದೂರದರ್ಶನದಲ್ಲೂ ಮಾತನಾಡಿದಳು. ಎರಡೇ ದಿನಗಳಲ್ಲಿ ಗ್ಯಾರೆಟ್ ರಾಜೀನಾಮೆಯಿತ್ತರು.

ಬಳಿಕ ರಕ್ಷಣಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ತನಿಖೆಯನ್ನು ಕೈಗೆತ್ತಿಕೊಂಡು 1993ರ ಏಪ್ರಿಲ್‌ನಲ್ಲಿ ವರದಿ ಪ್ರಕಟಿಸಿದರು. ಅದರ ಲೆಕ್ಕದಂತೆ ಹಲ್ಲೆಗೊಳಗಾದವರು 90 ಮಂದಿ: 83 ಹೆಂಗಸರು, 7 ಗಂಡಸರು. 140 ಅಧಿಕಾರಿಗಳ ಕಡತಗಳು ಕ್ರಮಕ್ಕಾಗಿ ಹೋದುವು. ಆದರೆ ಒಂದೂವರೆ ವರ್ಷ ಕಳೆದ ಮೇಲೆ ಸಾಕ್ಷಿ ಎಲ್ಲಿಂದ ಬರಬೇಕು? ಸುಮಾರು ಅರ್ಧದಷ್ಟು ಪ್ರಕರಣಗಳು ಸಾಕ್ಷ್ಯವಿಲ್ಲದೆ ಬಿದ್ದುಹೋದುವು. ಉಳಿದವುಗಳಲ್ಲಿ ಬಹುಪಾಲು ದಂಡ, ಛೀಮಾರಿ ಪತ್ರಗಳಲ್ಲಿ ಮುಗಿದುವು. ಕೋರ್ಟ್ ಮಾರ್ಷಲ್‌ನಲ್ಲಿ ಶಿಕ್ಷೆಯಾದವನು ಒಬ್ಬನೂ ಇಲ್ಲ. 1994ರ ಫೆಬ್ರವರಿಯಲ್ಲಿ ಸೈನಿಕ ನ್ಯಾಯಾಧೀಶ ಕ್ಯಾಪ್ಟನ್ ವಿಲಿಯಂ ವೆಸ್ಟ್ ಕೊನೆಯ ಮೂರು ಪ್ರಕರಣಗಳನ್ನೂ ವಜಾ ಮಾಡಿದರು. ಅವರು ಕೊಟ್ಟ ಕಾರಣವೆಂದರೆ, ಮುಖ್ಯಸ್ಥ ಕೆಲ್ಸೋ ಅವರೇ ಅನುಚಿತ ವರ್ತನೆಯನ್ನು ಕಂಡಿದ್ದು, ತಮ್ಮ ಪಾತ್ರವನ್ನು ಮರೆಮಾಡಲು ಪ್ರಕ್ರಿಯೆಯನ್ನು ತಮಗೆ ಬೇಕಾದಂತೆ ತಿರುಗಿಸಿದರು ಎಂಬುದು. ಕೆಲ್ಸೋ ಇದನ್ನು ನಿರಾಕರಿಸಿದರು. ಆದರೂ ಅವಧಿಗೆ ಎರಡು ತಿಂಗಳು ಮುಂಚೆ ನಿವೃತ್ತರಾದರು. ಅವರಿಗೆ ನಾಲ್ಕು ನಕ್ಷತ್ರದ ಪೂರ್ಣ ಪಿಂಚಣಿ ಕೊಡುವ ಪ್ರಶ್ನೆ ಸೆನೆಟ್ಟಿಗೆ ಬಂದು 54-43 ಮತಗಳಿಂದ ಒಪ್ಪಿಗೆಯಾಯಿತು. ಅಂದು ಸೆನೆಟ್ಟಿನಲ್ಲಿದ್ದ ಏಳು ಮಹಿಳೆಯರೂ ವಿರುದ್ಧ ಮತವಿತ್ತರು.

ಅದೇ ಫೆಬ್ರವರಿಯಲ್ಲಿ ಪಾಲಾ ಕಾಫ್ಲಿನ್ ತಾನು ಪಡೆಯನ್ನು ಬಿಡುವುದಾಗಿ ತಿಳಿಸಿದಳು. ದೂರಿನ ನಂತರದ ಕಿರುಕುಳದಲ್ಲಿ ಕೆಲಸ ಮಾಡಲಾಗುತ್ತಿಲ್ಲವೆಂಬುದು ಆಕೆಯ ಮಾತು. ಹೋಟೆಲಿನ ಮೇಲೆ ಹೂಡಿದ ದಾವೆಯಲ್ಲಿ ಜ್ಯೂರಿ ಆಕೆಗೆ 17 ಲಕ್ಷ ಡಾಲರ್ ಪರಿಹಾರ, ಅದರ ಮೇಲೆ 50 ಲಕ್ಷ ಡಾಲರ್ ದಂಡ ಎಂದು ತೀರ್ಪಿತ್ತಿತು. ಮುಂದೆ ನ್ಯಾಯಾಧೀಶರು ಮೊತ್ತವನ್ನು ಕೆಲಮಟ್ಟಿಗೆ ಇಳಿಸಿದರು. ಹಣ ಬಂತು, ಸರಿ. ಆದರೆ ಹಾರಬೇಕೆಂದು ಬಂದವಳು ಹಾರಾಟವನ್ನೇ ಬಿಟ್ಟು ಹೋಗಬೇಕಾಯಿತು.

ಇಷ್ಟಕ್ಕೆ ಕಥೆ ಮುಗಿಯಲಿಲ್ಲ. ಸರ್ಕಾರಿ ನೌಕರರಾದ ನಮ್ಮ ಮನಸ್ಸನ್ನು ಹೆಚ್ಚು ಹಿಡಿದದ್ದು ಮುಂದಿನ ಭಾಗ. ಸೆನೆಟ್ಟಿನ ಸಶಸ್ತ್ರ ಸೇವಾ ಸಮಿತಿ 1992ರಲ್ಲಿ 4,000ಕ್ಕೂ ಹೆಚ್ಚು ಅಧಿಕಾರಿಗಳ ಬಡ್ತಿಯನ್ನು ತಡೆಹಿಡಿಯಿತು. ಇವರಿಗೆ ಟೇಲ್‌ಹುಕ್ ಹಗರಣದಲ್ಲಿ ಪಾತ್ರವಿಲ್ಲವೆಂದು ಪ್ರಮಾಣಪತ್ರ ಬರಲಿ ಎಂಬುದು ಅದರ ಪಟ್ಟು. ಮುಂದೆ ವರ್ಷಗಟ್ಟಲೆ, ಬಡ್ತಿಯ ಪಟ್ಟಿ ಹೋದಾಗಲೆಲ್ಲ ಈ ಪ್ರಶ್ನೆ ಏಳುತ್ತಿತ್ತು. ಲಾಸ್ ವೇಗಸ್ಸಿಗೆ ಹೋಗಿದ್ದೆ ಎಂಬುದೇ ಒಂದು ಕಳಂಕವಾಯಿತು.

ಕಮಾಂಡರ್ ರಾಬರ್ಟ್ ಸ್ಟಂಪ್ಫ್ ಅವರ ಉದಾಹರಣೆಯೊಂದೇ ಸಾಕು. ಕೊಲ್ಲಿ ಯುದ್ಧದಲ್ಲಿ ಹಾರಿದ ಪೈಲಟ್, ಪ್ರಸಿದ್ಧ 'ಬ್ಲೂ ಏಂಜಲ್ಸ್' ಪ್ರದರ್ಶನ ತಂಡದ ನಾಯಕ. 1991ರಲ್ಲಿ ಅಲ್ಲಿಗೆ ಹೋಗಿದ್ದುದು ತಮ್ಮ ಸ್ಕ್ವಾಡ್ರನ್ನಿಗೆ ಬಂದ ಪ್ರಶಸ್ತಿಯನ್ನು ಸ್ವೀಕರಿಸಲು. 1993ರಲ್ಲಿ ವಿಚಾರಣಾ ಮಂಡಲಿ ಅವರನ್ನು ನಿರ್ದೋಷಿಯೆಂದಿತು. 1994ರಲ್ಲಿ ಕ್ಯಾಪ್ಟನ್ ಹುದ್ದೆಗೆ ಸೆನೆಟ್ಟಿನ ಒಪ್ಪಿಗೆಯೂ ದೊರೆಯಿತು. ಆಮೇಲೆ, ಅವರ ಹೆಸರು ಟೇಲ್‌ಹುಕ್ ಪಟ್ಟಿಯಲ್ಲಿದ್ದುದನ್ನು ತಮಗೆ ತಿಳಿಸಿರಲಿಲ್ಲವೆಂದು ಸಮಿತಿ ತಕರಾರು ತೆಗೆಯಿತು. ಮಂತ್ರಿ ಜಾನ್ ಡಾಲ್ಟನ್ ಅವರು ಹೆಸರನ್ನು ಬಡ್ತಿ ಪಟ್ಟಿಯಿಂದ ತೆಗೆದುಹಾಕಿದರು. ಸ್ಟಂಪ್ಫ್ 1996ರಲ್ಲಿ ನಿವೃತ್ತರಾದರು. ಅವರಿಗೆ ಸಲ್ಲಬೇಕಾದ ಕ್ಯಾಪ್ಟನ್ ಪದವಿ ದಾಖಲೆಯ ತಿದ್ದುಪಡಿಯಾಗಿ ದೊರೆತದ್ದು 2002ರಲ್ಲಿ. ಓಣಿಯಲ್ಲಿ ಕೈಮಾಡಿದವರು ಮೌನದ ಮರೆಯಲ್ಲಿ ಪಾರಾದರು. ಪ್ರಶಸ್ತಿ ತರಲು ಹೋದವರು ಸಿಕ್ಕಿಬಿದ್ದರು. ಉಪ್ಪು ತಿಂದವರೊಬ್ಬರು, ನೀರು ಕುಡಿದವರು ಇನ್ನೊಬ್ಬರು.

ಇದೇ 1991ರಲ್ಲಿ, ಆ ಸಮ್ಮೇಳನಕ್ಕೆ ಕೆಲವೇ ದಿನ ಮುಂಚೆ, ಆಗಸ್ಟಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಜಾನಕೀರಾಮನ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರದ ನೌಕರರಿಗೆ 'ಸೀಲ್ಡ್ ಕವರ್' ಎಂಬ ಮಾತಿನ ಭಯ ಗೊತ್ತೇ ಇದೆ. ಬರಿಯ ಗುಮಾನಿಯ ಮೇಲೆ ನೌಕರನ ಬಡ್ತಿಯನ್ನು ಲಕೋಟೆಯಲ್ಲಿ ಮುಚ್ಚಿಡುವಂತಿಲ್ಲ, ಚಾರ್ಜ್‌ಶೀಟು ಕೈಗೆ ಬಂದ ಮೇಲಷ್ಟೇ ಮುಚ್ಚಿಡಬಹುದು ಎಂದು ಆ ತೀರ್ಪು ಹೇಳಿತು. ಪೂರ್ತಿ ನಿರ್ದೋಷಿಯೆಂದಾದರೆ ಲಕೋಟೆ ಒಡೆದು, ಸಲ್ಲಬೇಕಾದ ದಿನಾಂಕದಿಂದಲೇ ಬಡ್ತಿ. ನಿಯಮ ಒಣಗಿದ ಎಲೆಯಂತೆ ಕಾಣುತ್ತದೆ. ಅದಿಲ್ಲದೆ ಹೋದರೆ ಏನಾಗುತ್ತದೆಂಬುದನ್ನು ಸ್ಟಂಪ್ಫ್ ಅವರನ್ನು ಕೇಳಬೇಕು.

ಹಾಗಾದರೆ ಎಲ್ಲವೂ ವ್ಯರ್ಥವಾಯಿತೇ? ಇಲ್ಲ. ಯುದ್ಧವಿಮಾನಗಳಿಂದ ಹೆಂಗಸರನ್ನು ದೂರವಿಟ್ಟಿದ್ದ ಕಾನೂನು 1991ರ ಡಿಸೆಂಬರಿನಲ್ಲೇ ರದ್ದಾಗಿತ್ತು. ಹಗರಣದ ವರದಿ ಹೊರಬಿದ್ದ ಕೆಲವೇ ದಿನಗಳಲ್ಲಿ, 1993ರ ಏಪ್ರಿಲ್ ಕೊನೆಗೆ, ರಕ್ಷಣಾ ಮಂತ್ರಿ ಲೆಸ್ ಆಸ್ಪಿನ್ ಆ ಬಾಗಿಲನ್ನು ನಿಜವಾಗಿ ತೆರೆದರು. ಗೇಲಿಗೊಳಗಾದ ಆ ಪ್ರಶ್ನೆಗೆ ಎರಡು ವರ್ಷ ತುಂಬುವುದರೊಳಗೆ ಉತ್ತರ ಬಂತು. ಆದರೆ ಸಂಶಯ ಹೋಗಲಿಲ್ಲ. 1994ರ ಅಕ್ಟೋಬರ್ 25ರಂದು ಎಫ್-14 ವಿಮಾನದ ಪೈಲಟ್ ಕಾರಾ ಹಲ್ಟ್‌ಗ್ರೀನ್ 'ಅಬ್ರಹಾಂ ಲಿಂಕನ್' ಹಡಗಿನ ಮೇಲೆ ಇಳಿಯಲು ಬರುವಾಗ ಎಡ ಎಂಜಿನ್ ಕೈಕೊಟ್ಟು ಸಮುದ್ರಕ್ಕೆ ಬಿದ್ದು ತೀರಿಕೊಂಡಳು. ಹಗರಣದ ಮಸಿ ತೊಳೆಯುವ ಅವಸರದಲ್ಲಿ ಹೆಂಗಸರನ್ನು ದಾಟಿಸುತ್ತಿದ್ದಾರೆಂದು ಗೊಣಗುತ್ತಿದ್ದವರಿಗೆ ಇದೊಂದು ನೆಪವಾಯಿತು. ಸತ್ತವಳ ತರಬೇತಿಯ ಗುಟ್ಟಿನ ಕಾಗದಗಳು ಬೀದಿಗೆ ಬಂದುವು. ಗಂಡಸು ಪೈಲಟ್ ಬಿದ್ದರೆ ಅವನೊಬ್ಬನ ಸಾವು. ಹೆಂಗಸು ಬಿದ್ದರೆ ಇಡೀ ಹೆಣ್ಣುಕುಲದ ಪರೀಕ್ಷೆ.

ಆದರೂ ಕಾಲವೆಂಬುದೊಂದಿದೆ. ಏಮಿ ಬಾವರ್ನ್‌ಷ್ಮಿಟ್ 1994ರಲ್ಲಿ ನೌಕಾ ಅಕಾಡೆಮಿಯಿಂದ ಹೊರಬಂದ ಹೆಲಿಕಾಪ್ಟರ್ ಪೈಲಟ್. 2021ರ ಆಗಸ್ಟಿನಲ್ಲಿ ಅಮೆರಿಕದ ಪರಮಾಣು ವಿಮಾನವಾಹಕ ಹಡಗೊಂದರ ನಾಯಕತ್ವ ವಹಿಸಿದ ಮೊದಲ ಮಹಿಳೆಯಾದಳು. ಆ ಹಡಗು ಯಾವುದೆಂದರೆ, ಹಲ್ಟ್‌ಗ್ರೀನ್ ತಲುಪದೆ ಹೋದ ಅದೇ 'ಅಬ್ರಹಾಂ ಲಿಂಕನ್'.

ನಮ್ಮಲ್ಲಿಯೂ 1997ರ ವಿಶಾಖಾ ತೀರ್ಪು, 2013ರ ಕಾನೂನು ಬಂದಿವೆ. ಹತ್ತು ಜನರಿರುವ ಕಚೇರಿಯಲ್ಲೂ ದೂರು ಸಮಿತಿ ಇರಬೇಕು, 90 ದಿನಗಳಲ್ಲಿ ವಿಚಾರಣೆ ಮುಗಿಯಬೇಕು. ನಾವು ಹಿಂದೆ ಕೆಲಸ ಮಾಡಿದ್ದ ಒಂದು ಕಚೇರಿಯಲ್ಲಿ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೇಲಿನವರೊಬ್ಬರ ಮಾತಿನ ಬಗ್ಗೆ ತಕರಾರು ಹೇಳಿದಾಗ ಇಡೀ ಸೆಕ್ಷನ್ನು ನಕ್ಕಿತು. ನಾವು ನಗಲಿಲ್ಲ. ಆದರೆ ಫೈಲಿನಿಂದ ತಲೆಯನ್ನೂ ಎತ್ತಲಿಲ್ಲ. ತಿಂಗಳೊಳಗೆ ಆಕೆ ವರ್ಗ ಮಾಡಿಸಿಕೊಂಡು ಹೋದಳು. ಆ ಓಣಿಯಲ್ಲಿ ಕೈಮಾಡದೆ ಸುಮ್ಮನೆ ನಿಂತಿದ್ದವರ ಬಗ್ಗೆ ಓದುವಾಗ ನಮಗೆ ನೆನಪಾದದ್ದು ಆ ಮಧ್ಯಾಹ್ನ.

ಮೊದಲ ದಿನವೇ ಯಾರಾದರೂ ನಿಜ ಹೇಳಿದ್ದರೆ ತಪ್ಪಿತಸ್ಥರು ಸಿಕ್ಕುತ್ತಿದ್ದರು. ನಿರ್ದೋಷಿಗಳು ಹತ್ತು ವರ್ಷ ಪ್ರಮಾಣಪತ್ರಕ್ಕಾಗಿ ಅಲೆಯಬೇಕಾಗುತ್ತಿರಲಿಲ್ಲ. ಕಾಫ್ಲಿನ್ ಇನ್ನೂ ಕೆಲವು ವರ್ಷ ಹಾರುತ್ತಿದ್ದಳು. ಮೊದಲ ವಿಚಾರಣೆ ಸುಳ್ಳಾದರೆ ಆಮೇಲಿನ ಯಾವ ತೀರ್ಪನ್ನೂ ಯಾರೂ ನಂಬುವುದಿಲ್ಲ.

2025ರ ಮೇ ತಿಂಗಳಲ್ಲಿ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಮೊದಲ ಬಾರಿಗೆ 17 ಹುಡುಗಿಯರು ತರಬೇತಿ ಮುಗಿಸಿ ಹೊರಬಂದರು. ಆ ತಾಯಿಗೆ ಊಟದ ಪಂಕ್ತಿಯಲ್ಲಿ ಕೊಡಬೇಕಾಗಿದ್ದ ಉತ್ತರವನ್ನು ಈಗ ಕೊಡುತ್ತೇವೆ: ಅಮ್ಮಾ, ಮೊಮ್ಮಗಳನ್ನು ಧೈರ್ಯವಾಗಿ ಕಳಿಸಿ. ಬುದ್ಧಿಮಾತು ಹೇಳಬೇಕಾದದ್ದು ಅವಳಿಗಲ್ಲ, ಅವಳ ಪಕ್ಕದಲ್ಲಿ ನಿಲ್ಲುವ ನಮ್ಮ ಗಂಡುಮಕ್ಕಳಿಗೆ. ಯಾರಾದರೂ ನಕ್ಕಾಗ ತಲೆ ಎತ್ತುವುದನ್ನು ಅವರಿಗೆ ಮನೆಯಲ್ಲೇ ಕಲಿಸೋಣ. ನಾವು ಸ್ವಲ್ಪ ತಡವಾಗಿ ಕಲಿತೆವು.