ಸಿವಂಗಿಯ ಲೋಪವೂ ಪುನರಾಗಮನವೂ

2022ನೆಯ ಇಸವಿಯ ಸೆಪ್ಟೆಂಬರ್ 17ರಂದು ಆಫ್ರಿಕಾ ಖಂಡದ ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕೂನೋ ಅರಣ್ಯಕ್ಕೆ ಬಂದುವು. 2023ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಇನ್ನು ಹನ್ನೆರಡು ಬಂದುವು. ಇದು ಉತ್ತರದೇಶದ ವಾರ್ತೆಯೆಂದು ಕನ್ನಡಿಗರು ಉದಾಸೀನರಾಗಲಾಗದು. ಈ ಮೃಗದ ಚರಿತ್ರೆಯಲ್ಲಿ ಕನ್ನಡನಾಡಿನ ಪಾತ್ರವು ಹಿರಿದಾದುದು. ಅದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುವೆವು.

ಮೊದಲು ನಾಮವಿಚಾರ. ಚೀತಾ ಎಂಬುದು ಸಂಸ್ಕೃತದ ಚಿತ್ರಕ ಶಬ್ದದಿಂದ ಬಂದ ಹಿಂದೀ ಮಾತು. ಮೈಮೇಲೆ ಬೊಟ್ಟುಗಳುಳ್ಳದ್ದೆಂಬ ಅರ್ಥವು ಚಿರತೆಗೂ ಸಲ್ಲುವುದರಿಂದ ಇಲ್ಲಿ ಸಂದೇಹಕ್ಕೆ ಎಡೆಯುಂಟು. ಅಮರಕೋಶವಾದರೋ ಶಾರ್ದೂಲ, ದ್ವೀಪಿ ಎಂಬ ಶಬ್ದಗಳನ್ನು ವ್ಯಾಘ್ರದೊಡನೆಯೇ ಸೇರಿಸಿರುವುದು. ಕೋಶಗಳಲ್ಲಿ ಹೀಗೆ ತೊಡಕಿದ್ದರೂ ಕನ್ನಡದ ಜನರು ಭೇದವನ್ನು ಬಲ್ಲವರಾಗಿದ್ದರು. ಜರ್ಡನ್ ಎಂಬ ಪ್ರಾಣಿಶಾಸ್ತ್ರಜ್ಞನು ಭಾರತದ ಸಸ್ತನಿಗಳನ್ನು ಕುರಿತು 1867ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚೀತಾಕ್ಕೆ ಸಿವಂಗಿಯೆಂಬ ಕನ್ನಡದ ಹೆಸರನ್ನು ಕೊಟ್ಟಿರುವನು. ತಮಿಳಿನಲ್ಲಿ ಅದು ಸಿವಿಂಗಿ. ಬನ್ನೇರುಘಟ್ಟದ ಕಾಡಂಚಿನಿಂದ ಬೆಂಗಳೂರಿನ ದಕ್ಷಿಣದ ಬಡಾವಣೆಗಳ ಬಳಿಗೆ ಆಗಾಗ ಬಂದು ಜನರನ್ನು ಗಾಬರಿಪಡಿಸುವುದು ಚಿರತೆ. ಅದು ಪೊದೆಯಲ್ಲಿ ಹೊಂಚುವುದು, ಮರವೇರುವುದು. ಸಿವಂಗಿಗೆ ಬಿಡಿಬಿಡಿಯಾದ ಕರಿಬೊಟ್ಟುಗಳೂ ಕಣ್ಣಿನಿಂದ ಬಾಯಿಯವರೆಗೆ ಇಳಿದ ಕಪ್ಪುಗೆರೆಯೂ ಉಂಟು. ಬಯಲಿನಲ್ಲಿ ಓಡಿ ಹುಲ್ಲೆಯನ್ನು ಹಿಡಿಯುವುದು ಅದರ ಸ್ವಭಾವ.

ಇದನ್ನು ಪಳಗಿಸಿ ಬೇಟೆಯಾಡಿಸುವ ಪದ್ಧತಿಗೆ ಭಾರತದಲ್ಲಿ ದೊರೆತಿರುವ ಅತಿಪ್ರಾಚೀನ ಲಿಖಿತಾಧಾರವು ಮಾನಸೋಲ್ಲಾಸವೆಂದು ಸಂಶೋಧಕರು ಎಣಿಸಿರುವರು. ಕಲ್ಯಾಣದಿಂದ 1127ರಿಂದ 1138ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಈ ಸಂಸ್ಕೃತ ಗ್ರಂಥವು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳದ್ದು. ಮೃಗಯಾವಿನೋದವು ನಾಲ್ಕನೆಯದಾದ ವಿನೋದವಿಂಶತಿಗೆ ಸೇರಿದುದು. ಅಭಿಲಷಿತಾರ್ಥಚಿಂತಾಮಣಿಯೆಂಬ ನಾಮಾಂತರದಿಂದ ಇದರ ಮೊದಲ ಭಾಗವನ್ನು 1926ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ಪ್ರಕಟಿಸಿತು.

ಅರಸರ ಈ ಪ್ರೀತಿಯೇ ಮೃಗಕ್ಕೆ ಮೃತ್ಯುವಾಯಿತು. ತಾಯಿಯಿಂದ ಬೇಟೆಯನ್ನು ಕಲಿಯದ ಮರಿಯು ನಿಷ್ಪ್ರಯೋಜಕವೆಂದು ಬೆಳೆದ ಮೃಗಗಳನ್ನೇ ಉರುಲೊಡ್ಡಿ ಹಿಡಿಯುತ್ತಿದ್ದರು. ಕಣ್ಣು ಕಟ್ಟಿ ಎತ್ತಿನಗಾಡಿಯಲ್ಲಿ ಬಯಲಿಗೆ ಕೊಂಡೊಯ್ಯುತ್ತಿದ್ದರು. ಸೆರೆಯಲ್ಲಿ ಅವು ಮರಿಹಾಕುವುದು ಅತಿ ದುರ್ಲಭ. ಮೊಗಲ್ ಬಾದಶಹ ಜಹಾಂಗೀರನು ಅಂಥದೊಂದು ಪ್ರಸವವನ್ನು ಆಶ್ಚರ್ಯವೆಂದು ತನ್ನ ಆತ್ಮಚರಿತೆಯಲ್ಲಿ ಬರೆದಿರುವನು. ಅದಾದ ಮೇಲೆ ಅಂಥ ಪ್ರಸವವು ದಾಖಲಾದುದು 1956ರಲ್ಲಿ, ಅಮೆರಿಕದ ಫಿಲಡೆಲ್ಫಿಯಾ ಮೃಗಾಲಯದಲ್ಲಿ. ಆದುದರಿಂದ ಒಂದು ಸತ್ತರೆ ಇನ್ನೊಂದನ್ನು ಕಾಡಿನಿಂದಲೇ ತರಬೇಕಾಗಿತ್ತು. ಶತಮಾನಗಳ ಈ ವ್ಯಯದೊಡನೆ ಬಯಲುಗಳು ಹೊಲಗಳಾದುದೂ ಹುಲ್ಲೆಗಳು ಕ್ಷಯಿಸಿದುದೂ ಸೇರಿದುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಟಿಪ್ಪುವಿನ ಬೇಟೆಯ ಸಿವಂಗಿಗಳು ಕಂಪೆನಿಯವರ ವಶವಾದುವು. 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದ ಮಹಾರಾಜನು ಮೂರನ್ನು ಕೊಂದನು. ಇವೇ ಕಡೆಯವೆಂದು ಸಾಮಾನ್ಯವಾಗಿ ಹೇಳುವರು. 1952ರಲ್ಲಿ ಈ ಮೃಗವು ದೇಶದಲ್ಲಿ ನಷ್ಟವಾಯಿತೆಂದು ಸರಕಾರವು ಸಾರಿತು.

ಅದೇ ವರ್ಷ ಜಯಚಾಮರಾಜ ಒಡೆಯರ ಅಧ್ಯಕ್ಷತೆಯಲ್ಲಿ ಭಾರತೀಯ ವನ್ಯಜೀವಿ ಮಂಡಲಿಯ ಪ್ರಥಮಾಧಿವೇಶನವು ಮೈಸೂರಿನಲ್ಲಿ ನಡೆದು, ಚೀತಾವನ್ನು ಉಳಿಸಲು ದಿಟ್ಟ ಪ್ರಯೋಗವಾಗಬೇಕೆಂದು ಸೂಚಿಸಿತು. ಕೂನೋವಿನಲ್ಲಿ ನಡೆದುದು ಎಪ್ಪತ್ತು ವರ್ಷಗಳ ಅನಂತರದ ಅದರ ಫಲವೆನ್ನಬಹುದು. ಆದರೆ ಬಂದವು ಆಫ್ರಿಕಾದ ಉಪಜಾತಿಯವು. ನಮ್ಮಲ್ಲಿದ್ದ ಏಷ್ಯಾದ ಉಪಜಾತಿಯು ಈಗ ಇರಾನಿನಲ್ಲಿ ಕೆಲವೇ ಉಳಿದಿವೆ. ಬಂದವುಗಳಲ್ಲಿ ಹಲವು ಸತ್ತುವು. 2023ರ ಮಾರ್ಚಿಯಿಂದ ಇಲ್ಲಿಯೇ ಮರಿಗಳೂ ಹುಟ್ಟಿವೆ.

ಸಿವಂಗಿಯ ಆಶ್ರಯವು ದಟ್ಟಡವಿಯಲ್ಲ, ಹುಲ್ಲುಗಾವಲು. ಮೈಸೂರಿನ ಅರಸರು ಅಮೃತಮಹಲ್ ದನಗಳಿಗಾಗಿ ಕಾದಿಟ್ಟ ಕಾವಲುಗಳು ಅಂಥವೇ. ಅವುಗಳಲ್ಲಿ ಬಹುಭಾಗವು ಅನ್ಯಕಾರ್ಯಗಳಿಗೆ ಸಂದುಹೋಗಿದೆ. ಕೃಷ್ಣಮೃಗಗಳು ತುಮಕೂರು ಜಿಲ್ಲೆಯ ಮೈದನಹಳ್ಳಿಯಲ್ಲಿಯೂ ರಾಣೆಬೆನ್ನೂರಿನಲ್ಲಿಯೂ ಇನ್ನೂ ಉಳಿದಿವೆ. ಮೃಗವು ಹೋದ ಮೇಲೆ ಅದರ ಹೆಸರೂ ಮರೆಯಾಯಿತು. ನಮ್ಮವರು ಚೀತಾ ಎಂಬ ಹೊರಮಾತನ್ನು ಹಿಡಿದರು. ಸಿವಂಗಿಯೆಂಬ ಶಬ್ದವನ್ನು ಕೋಶದಿಂದ ಎತ್ತಿ ಬಳಕೆಗೆ ತರುವುದು ಪಂಡಿತರಿಗೆ ಸಾಧ್ಯ. ಅದಕ್ಕೆ ಅರ್ಥವನ್ನು ಕೊಡಬಲ್ಲುದು ಕಾವಲಿನ ಹುಲ್ಲು ಮಾತ್ರವೇ.