ಶೇಷ 26: ಶಾಸನದ ಕಾಲಕ್ಕೆ ಶಾಲೆಯ ಭಾಗಾಕಾರ

ದೀರ್ಘ ಭಾಗಾಕಾರ ಕಲಿಯೋ ಮಕ್ಕಳ ಕಣ್ಣೆಲ್ಲ ಭಾಗಲಬ್ಧದ ಮೇಲೆ. ಕೆಳಗೆ ಉಳಿದ ಶೇಷ ಅವರಿಗೆ ಬರೀ ಕಸ. ಶಾಸನದ ಕಾಲ ನೋಡುವ ನಮ್ಮದು ಉಲ್ಟಾ ಲೆಕ್ಕ: ಭಾಗಲಬ್ಧ ಬಿಟ್ಟು ಶೇಷ ಹಿಡೀತೀವಿ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಶಿಕ್ಷಕ ಮಿತ್ರರು ಇದನ್ನು ಇಟಗಿಯಿಂದಲೇ ಶುರು ಮಾಡಬಹುದು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಅಲ್ಲಿನ ಗುಡಿಯ ಶಾಸನ ಕ್ರಿ.ಶ. 1112ರದು. 78 ಕಳೆದರೆ ಗತಶಕ 1034. ಸಂವತ್ಸರ ಬೇಕಾದರೆ 12 ಕೂಡಿಸಿ 60ರಿಂದ ಭಾಗಿಸಬೇಕು. '12 ಯಾಕ್ರೀ ಸರ್?' ಅಂತ ಮಕ್ಕಳು ಕೇಳೇ ಕೇಳ್ತಾರೆ. ಪ್ರಭವದಿಂದ ಎಣಿಸಿದರೆ ಗತಶಕ ಸೊನ್ನೆ ಬೀಳೋದು ಹನ್ನೆರಡನೆಯ ಬಹುಧಾನ್ಯದ ಮೇಲೆ, ಅದಕ್ಕೆ. ಈಗ 1046. ಮೊದಲು 104ರಲ್ಲಿ 60 ಒಂದು ಸಲ, ಉಳಿದದ್ದು 44. 6 ಇಳಿಸಿದರೆ 446. ಅದರಲ್ಲಿ ಏಳು ಸಲ, 420. ಶೇಷ 26. ಇಪ್ಪತ್ತಾರನೆಯದು ನಂದನ. (ಶೇಷ ಸೊನ್ನೆ ಬಂದರೆ ಅಕ್ಷಯ. ಹಳೆಯ ರಾಷ್ಟ್ರಕೂಟ ಶಾಸನಗಳಿಗೆ ಈ ಸೂತ್ರ ಯಾವಾಗಲೂ ಹೊಂದಲ್ಲ, ಹುಷಾರು.)

ಇಲ್ಲೊಂದು ಮಜಾ ಇದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಗುಣಾಕಾರದ ಬೆನ್ನಿಗೇ ಭಾಗಾಕಾರ ಹೇಳ್ತಾನೆ: ಭಾಜ್ಯ, ಭಾಜಕಗಳಲ್ಲಿರುವ ಸಾಮಾನ್ಯ ಅಪವರ್ತನ ತೆಗೆದು, ಆಮೇಲೆ ಭಾಗಿಸು. ಸರಿ, 1046 ಮತ್ತು 60 ಎರಡನ್ನೂ ಅರ್ಧ ಮಾಡಿದರೆ 523, 30. ಭಾಗಲಬ್ಧ ಅದೇ 17, ಆದರೆ ಶೇಷ 13! ಹಾಗೇ ಬಿಟ್ಟರೆ ನಂದನ ಹೋಗಿ ಪ್ರಮಾಥಿ ಆಗುತ್ತೆ. ತೆಗೆದ 2ನ್ನು ಶೇಷಕ್ಕೆ ತಿರುಗಿ ಗುಣಿಸಲೇಬೇಕು. ಶೇಷ ಅಂದರೇನು ಅಂತ ತಿಳಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಇದು ಬರೀ ಶಾಲೆಯ ಆಟವೂ ಅಲ್ಲ. ಕಲ್ಲು ಸವೆದು ಶಕವರ್ಷದ ಹತ್ತರ ಸ್ಥಾನ ಹೋಗಿದೆ, 10_4 ಅಂತಷ್ಟೇ ಕಾಣುತ್ತೆ, ನಂದನ ಮಾತ್ರ ಸ್ಪಷ್ಟ ಇದೆ ಅಂದುಕೊಳ್ಳಿ. 1004ರಿಂದ 1094ರವರೆಗೆ ಹತ್ತೂ ಭಾಗಿಸಿ ನೋಡಿದರೆ ಶೇಷ 26 ಬರೋದು ಎರಡಕ್ಕೇ: 1034 ಮತ್ತು 1094. ಎರಡನೆಯದು ಕ್ರಿ.ಶ. 1172. ಶಾಸನದ ದೊರೆ ಆರನೇ ವಿಕ್ರಮಾದಿತ್ಯನಾದರೆ ಅವನ ಆಳ್ವಿಕೆ 1126ಕ್ಕೇ ಮುಗಿದಿದೆ. ಹಾಗಾಗಿ ಸವೆದುಹೋದ ಅಂಕಿ 3.