ಸಾಲಿಂಜರ್ ಮತ್ತು ವೇದಾಂತ: ಒಂದು ತಪ್ಪು ತೀರ್ಪಿನ ಮರುವಿಚಾರಣೆ

ಡೇವಿಡ್ ಶೀಲ್ಡ್ಸ್ ಮತ್ತು ಶೇನ್ ಸಲೆರ್ನೊ 2013ರಲ್ಲಿ ಹೊರತಂದ ಜೆ.ಡಿ. ಸಾಲಿಂಜರ್ ಜೀವನಚರಿತ್ರೆ ಆತನ ಬದುಕನ್ನು ನಾಲ್ಕು ಆಶ್ರಮಗಳ ಚೌಕಟ್ಟಿನಲ್ಲಿ ಕೂರಿಸುತ್ತದೆ. ಯುದ್ಧ ಕಲಾವಿದನನ್ನು ರೂಪಿಸಿತು, ವೇದಾಂತ ಆತನ ಕಲೆಯನ್ನು ಕೊಂದಿತು ಎಂಬುದು ಅದರ ತೀರ್ಪು. ಈ ತೀರ್ಪಿಗೆ ಆಧಾರ ಸಾಲದು ಎಂಬುದು ನನ್ನ ವಾದ.

ಮೊದಲು ಕಾಲಾನುಕ್ರಮವನ್ನೇ ನೋಡೋಣ. ಸಾಲಿಂಜರ್ ಶ್ರೀರಾಮಕೃಷ್ಣರ ವಚನವೇದಕ್ಕೆ ಮಾರುಹೋದದ್ದು 1950ರ ದಶಕದ ಆರಂಭದಲ್ಲಿ. 'ಫ್ರಾನಿ' ಬಂದದ್ದು 1955ರಲ್ಲಿ, 'ಜೂಯಿ' 1957ರಲ್ಲಿ, 'ಸೀಮೋರ್' 1959ರಲ್ಲಿ. ಕೊಂದ ಮೇಲೆ ಹುಟ್ಟಿದ ಕೃತಿಗಳೇ ಇವು?

ವಿಮರ್ಶಕರು ಅವಸರದಲ್ಲಿ ದಾಟಿಹೋಗುವ ಸಾಕ್ಷ್ಯ 'ಜೂಯಿ'ಯಲ್ಲಿದೆ. ಜೂಯಿಯ ಅಣ್ಣಂದಿರ ಹಳೆಯ ಕೋಣೆಯ ಬಾಗಿಲ ಹಿಂಬದಿಗೆ ಬಿಳಿಯ ಹಲಗೆ. ಅದರ ತುಂಬ ಪುಟ್ಟ ಕಪ್ಪು ಅಕ್ಷರಗಳಲ್ಲಿ ಬರೆದ ಉದ್ಧೃತಿಗಳು. ಟಾಲ್‌ಸ್ಟಾಯ್, ಕಾಫ್ಕಾ, ರಾಮಕೃಷ್ಣ ಎಲ್ಲರೂ ಅಲ್ಲಿದ್ದಾರೆ. ಆದರೆ ಕಥೆ ನಮಗೆ ಮೊದಲು ಓದಿಸುವುದು ಗೀತೆಯನ್ನು, ಅದರಲ್ಲೂ ಎರಡನೇ ಅಧ್ಯಾಯದ 47ನೇ ಶ್ಲೋಕವನ್ನು. ಕೆಲಸದಲ್ಲಷ್ಟೇ ಅಧಿಕಾರ, ಫಲದಲ್ಲಿಲ್ಲ ಎಂಬ ಆ ಮಾತು ಕೆಲಸ ಬಿಡು ಎನ್ನುವುದಿಲ್ಲ.

1974ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ದೂರವಾಣಿ ಸಂದರ್ಶನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಪ್ರಕಟಿಸದಿರುವುದರಲ್ಲಿ ನೆಮ್ಮದಿಯಿದೆ, ಬರೆಯುವುದು ನನಗಿಷ್ಟ, ಆದರೆ ನನ್ನ ಸಂತೋಷಕ್ಕಾಗಿ ಬರೆಯುತ್ತೇನೆ ಎಂಬುದು ಅಲ್ಲಿ ಸಾಲಿಂಜರ್ ಹೇಳಿದ್ದರ ಸಾರ. ಇದನ್ನು ಸಂನ್ಯಾಸವೆಂದು ಹೇಗೆ ಓದುವುದು? ಬಿಟ್ಟದ್ದು ಪ್ರಕಟಣೆಯನ್ನು, ಬರವಣಿಗೆಯನ್ನಲ್ಲ. ಸ್ವಂತ ಸಂತೋಷವೂ ಒಂದು ಫಲವೇ ಎಂದು ಗೀತೆ ಬಲ್ಲವರು ಆಕ್ಷೇಪಿಸಬಹುದು. ಆ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಈತ ಪರಿಪೂರ್ಣ ಕರ್ಮಯೋಗಿಯೆಂದು ನಾನು ಸಾಧಿಸುತ್ತಿಲ್ಲ. (ಅನಧಿಕೃತ ಕಥಾಸಂಕಲನದ ಮೇಲಿನ ಸಿಟ್ಟೇ ಆ ಕರೆಗೆ ಕಾರಣ. ತನ್ನ ಪತ್ರಗಳನ್ನು ಬಳಸಿಕೊಂಡ ಲೇಖಕ ಇಯಾನ್ ಹ್ಯಾಮಿಲ್ಟನ್ ವಿರುದ್ಧ ಕೋರ್ಟಿಗೆ ಹೋಗಿ 1987ರಲ್ಲಿ ಗೆದ್ದವನೂ, 90ರ ವಯಸ್ಸಿನಲ್ಲಿ ಮತ್ತೊಂದು ದಾವೆ ಹೂಡಿದವನೂ ಈತನೇ. ಸಂನ್ಯಾಸಾಶ್ರಮದ ಚೌಕಟ್ಟಿಗೆ ಇದೆಲ್ಲ ಒಗ್ಗುವುದು ಹೇಗೆಂದು ಜೀವನಚರಿತ್ರೆಕಾರರೇ ಹೇಳಬೇಕು. ಸಾಲಿಂಜರ್‌ನ ವೇದಾಂತದ ನಂಬಿಕೆಯನ್ನು ರೋಗಲಕ್ಷಣವೆಂದು ಕಾಣದೆ ಶ್ರದ್ಧೆಯಿಂದ ಗಮನಿಸಿದ ಕೆನೆತ್ ಸ್ಲವೆನ್ಸ್ಕಿಯ 2010ರ ಗ್ರಂಥ ಇವರದಕ್ಕಿಂತ ಎಷ್ಟೋ ನಂಬಲರ್ಹ.)

ಶೀಲ್ಡ್ಸ್-ಸಲೆರ್ನೊ ವಾದ ಅವರ ಪುಸ್ತಕದ ಕೊನೆಯಲ್ಲೇ ಮುರಿದುಬೀಳುತ್ತದೆ. ಸಾಲಿಂಜರ್‌ನ ಹೊಸ ಕೃತಿಗಳು 2015 ಮತ್ತು 2020ರ ನಡುವೆ ಬರಲಿವೆ, ಅವುಗಳಲ್ಲಿ ವೇದಾಂತದ ಕೈಪಿಡಿಯೂ ಇದೆ ಎಂದು ಅವರೇ ಬರೆದಿದ್ದಾರೆ. ಕಲೆ ಸತ್ತಿದ್ದರೆ ಈ ಪುಸ್ತಕಗಳನ್ನು ಬರೆದವರು ಯಾರು? ಆ ಗಡುವಿನೊಳಗೆ ಒಂದೂ ಬರಲಿಲ್ಲ. ಆದರೆ ತಂದೆ ಕೊನೆಯವರೆಗೂ ಬರೆಯುತ್ತಿದ್ದರು, ಅದೆಲ್ಲ ಪ್ರಕಟವಾಗಲಿದೆ ಎಂದು ಮಗ ಮ್ಯಾಟ್ 2019ರಲ್ಲಿ ಹೇಳಿದ್ದಾರೆ. ಆ ಹಸ್ತಪ್ರತಿಗಳನ್ನು ಓದುವ ಮೊದಲೇ ಕೊಟ್ಟ ಮರಣ ಪ್ರಮಾಣಪತ್ರವನ್ನು ಸಂಶೋಧಕರು ಇನ್ನಾದರೂ ಉಲ್ಲೇಖಿಸುವುದನ್ನು ನಿಲ್ಲಿಸಬೇಕು.